ಚಕ್ಕೆ ಪುಡಿಯ ನಕ್ಷತ್ರಗಳು

ಒಂದೆರಡು ನಕ್ಷತ್ರ ಹಾಳಾಗಿದ್ದರೆ ದರ್ಜಿ ಹೆಂಗಸು ಹೇಗೋ ಸಹಿಸಿಕೊಳ್ಳುತ್ತಿದ್ದಳು. ಹಾಳಾದದ್ದು ತಟ್ಟೆಗೆ ತಟ್ಟೆಯೇ. ನಾಳೆ ಬೆಳಗ್ಗೆ ಅವಳ ಸ್ವಂತ ಹೊಲಿಗೆ ಅಂಗಡಿ ತೆರೆಯಬೇಕು. ಇಷ್ಟು ವರ್ಷ ಕಂಡವರ ಅಂಗಡಿಯ ಮೂಲೆಯಲ್ಲಿ ಮಿಷನ್ನು ತುಳಿದವಳಿಗೆ, ತನ್ನ ಅಂಗಡಿಯೊಳಗೆ ಕಾಲಿಟ್ಟವರ ಮೂಗಿಗೆ ಹೊಸ ಪೇಂಟಿನ ನಾತದ ಬದಲು ಚಕ್ಕೆಯ ಘಮ ಬಡಿಯಬೇಕೆಂಬ ಹಟ. ಅದಕ್ಕೇ ಚಕ್ಕೆ ಪುಡಿಗೆ ಸೇಬಿನ ತಿರುಳು, ಚೂರು ಅಂಟು ಹಾಕಿ ಕಲಸಿ, ಲಟ್ಟಿಸಿ, ನಕ್ಷತ್ರ ಕತ್ತರಿಸಿ, ದಾರ ಪೋಣಿಸಲು ತೂತು ಮಾಡಿ, ಓವನ್ನಿನಲ್ಲಿ ಸಣ್ಣ ಕಾವಿಗೆ ಒಣಗಲು ಇಟ್ಟಿದ್ದಳು.

ಕೈಯಾಡಿಸಿದ್ದು ಅವಳಪ್ಪ. ಜೀವಮಾನವೆಲ್ಲ ಬೇಕರಿಯ ಒಲೆಯ ಮುಂದೆ ಕಳೆದ ಮನುಷ್ಯ. ಹಿಟ್ಟು ಕಂಡರೆ ಸುಮ್ಮನಿರುವ ಜಾಯಮಾನವೇ ಅಲ್ಲ. ಮೊದಲ ಮುದ್ದೆಗೆ ಮಗಳ ಕಣ್ಣು ತಪ್ಪಿಸಿ ಸೋಡಾ ಉದುರಿಸಿದ್ದರು. ನಕ್ಷತ್ರಗಳು ಉಬ್ಬಿ ಆಲೂಗಡ್ಡೆಯಂತಾಗಿ, ತೂತುಗಳೆಲ್ಲ ಮುಚ್ಚಿಹೋದವು.

"ಅಪ್ಪಾ, ಇದು ತಿನ್ನೋದಲ್ಲ! ನೇತುಹಾಕೋದು!"

"ನೇತುಹಾಕೋದು ಮೆತ್ತಗಿರಬಾರ್ದು ಅಂತ ಎಲ್ಲಿದೆ?"

ಎರಡನೆಯ ತಟ್ಟೆ ಇಟ್ಟು, ಬೋರ್ಡು ಬರೆಯುವವನ ಜೊತೆ ಫೋನಿನಲ್ಲಿ ಜಗಳವಾಡಿ ಬರುವಷ್ಟರಲ್ಲಿ ಕಾವು ಏರಿಬಿಟ್ಟಿತ್ತು. ಅಂಚೆಲ್ಲ ಕರಕಲು.

"ಘಮ ಬರ್ಲಿಲ್ಲ ಕಣಮ್ಮಾ, ಅದಕ್ಕೇ ಸ್ವಲ್ಪ ಜಾಸ್ತಿ ಮಾಡ್ದೆ. ಘಮ ಬಂದ್ಮೇಲೇ ಇಳಿಸ್ಬೇಕು. ನಾನೇನು ಗಡಿಯಾರ ನೋಡ್ಕೊಂಡು ಬೇಯಿಸಿದವನಾ?"

ಮನೆಯೆಲ್ಲ ಘಮ್ಮೆನ್ನುತ್ತಿರುವಾಗ ಈ ಮಾತು! ಬೇಕಂತಲೇ ಕಿಚಾಯಿಸುತ್ತಿದ್ದಾರೆಂದು ಅವಳ ಮೈಯೆಲ್ಲ ಉರಿಯಿತು. ಮೂರನೆಯ ತಟ್ಟೆಗೆ ಉಳಿದಿದ್ದ ಚಕ್ಕೆಯನ್ನೆಲ್ಲ ಸುರಿದಳು. "ಇದನ್ನ ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಎಚ್ಚರಿಸಿ, ಅಂಗಡಿಗೆ ಪರದೆ ಕಟ್ಟಲು ಹೋದಳು.

ಹಿಂತಿರುಗುವಾಗ ಬೀದಿಯ ತಿರುವಿನಲ್ಲೇ ಸುಟ್ಟ ವಾಸನೆ ಎದುರಾಯಿತು. ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿ ನಿಂತಿದ್ದಳು. ಇವತ್ತು ಗ್ರಹಚಾರ ಬಿಡಿಸಿಯೇ ಬಿಡುತ್ತೇನೆ ಎಂದುಕೊಂಡು ಒಳಗೆ ನುಗ್ಗಿದಳು.

ಅಪ್ಪ ಓವನ್ನಿನೆದುರು ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ, ಬಾಗಿಲ ಸಂದಿಯ ಹತ್ತಿರ ಮೂಗಿಟ್ಟು ಕೂತಿದ್ದರು. ಸಂದಿಯಿಂದ ಹೊಗೆಯ ಎಳೆ ಏಳುತ್ತಿತ್ತು.

"ತಾಳಮ್ಮಾ, ಇನ್ನೊಂಚೂರು. ಘಮ ಇನ್ನೂ ಬಂದಿಲ್ಲ."

ಇಷ್ಟು ಹೊತ್ತಿನ ಸಿಟ್ಟನ್ನು ಯಾರ ಮೇಲೆ ಸುರಿಯಬೇಕೆಂದು ತಿಳಿಯದೆ ಅವಳಿಗೆ ಅಳು ಬಂತು.

"ಯಾವಾಗಿಂದ ಅಪ್ಪಾ, ವಾಸನೆ ತಿಳೀದೇ ಇರೋದು?"

"ಆ ಜ್ವರ ಬಂತಲ್ಲ, ಆವಾಗಿಂದ."

"ಮತ್ತೆ ದಿನಾ ನನ್ನ ಚಹಾಗೆ ಆಹಾ, ಏನು ಘಮ ಅಂತಿದ್ರಲ್ಲ!"

"ನಿನ್ನ ಮುಖ ನೋಡಿ ಅಂತಿದ್ದೆ." ಅಪ್ಪ ಕಣ್ಣು ತೆರೆದರು. "ಇದಕ್ಕೆ ಇಷ್ಟೊಂದು ಚಕ್ಕೆ ಹಾಕಿದೀಯಲ್ಲ, ಇದ್ರದಾದ್ರೂ ಬರುತ್ತೆ ಅಂದ್ಕೊಂಡೆ."

ಅವಳು ಓವನ್ನು ಆರಿಸಿ ಬಾಗಿಲು ತೆರೆದಳು. ಹೊಗೆ ಇಬ್ಬರ ಮುಖಕ್ಕೂ ರಾಚಿತು. ಅವಳು ಮೂಗು ಮುಚ್ಚಿಕೊಂಡಳು. ಅಪ್ಪ ಆಸೆಯಿಂದ ಉದ್ದಕ್ಕೆ ಉಸಿರೆಳೆದುಕೊಂಡರು.