ಎರಡು ದನಿಯ ಲಾಲಿ

ನಾನು ಟೆಹರಾನಿನಲ್ಲಿ ಸಿನಿಮಾದವರಿಗೆ ಬಟ್ಟೆ ಹೊಲಿಯುವವಳು. ಗಂಡ ಇರಜ್ ಈ ಕೆಲಸಕ್ಕೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ನಾನು ಎಲ್ಲೂ ಹಾಡಕೂಡದು. ಮದುವೆಯಾದ ಹೊಸದರಲ್ಲಿ, ನಾದಿನಿಗೆ ಮದರಂಗಿ ಹಚ್ಚುವ ದಿನ ಹೆಂಗಸರ ಕೋಣೆಯಲ್ಲಿ ಹಾಡಿದ್ದೆ. ದನಿ ಅಂಗಳದ ಗಂಡಸರ ತನಕ ಹೋಯಿತೆಂದು ಮನೆಯವರೆಲ್ಲ ಮುಖ ಗಂಟಿಕ್ಕಿದರು. ಆಮೇಲೆ ನಾನು ಲಾಲಿ ಹಾಡಿ ಮಗಳನ್ನು ತೂಗುವಾಗಲೂ ಇರಜ್ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದ. ಅವನು ಬೇಡವೆಂದರೆ ನನ್ನ ಕೆಲಸ ಹೋದ ಹಾಗೆಯೇ. ಕಾನೂನೂ ಅವನ ಕಡೆಗಿದೆ.

ಹೋದ ವರ್ಷದ ಚಿತ್ರವೊಂದರಲ್ಲಿ ತಾಯಿ ಕೂಸಿಗೆ ಲಾಲಿ ಹಾಡಬೇಕಿತ್ತು. ನಮ್ಮಲ್ಲಿ ಹೆಂಗಸು ಒಬ್ಬಳೇ ಹಾಡಿದರೆ ಸರ್ಕಾರದ ಪರಿಶೀಲನೆಯವರು ಕತ್ತರಿ ಹಾಕುತ್ತಾರೆ. ಇಬ್ಬರು ಒಟ್ಟಿಗೆ ಹಾಡಿದರೆ ಅಡ್ಡಿಯಿಲ್ಲ. ಒಬ್ಬಳ ದನಿಗೆ ಕೆಡುವ ಗಂಡಸರು ಇಬ್ಬರ ದನಿಗೆ ಹೇಗೆ ನೆಟ್ಟಗಿರುತ್ತಾರೋ, ನನಗಂತೂ ತಿಳಿಯದು. ತಾಯಿಯ ಪಾತ್ರದ ಮಹ್ನೂಶ್ ಚೆಂದದ ಹುಡುಗಿ, ಆದರೆ ಅವಳು ರಾಗ ತೆಗೆದರೆ ಮಲಗಿದ್ದ ಕೂಸೂ ಎದ್ದು ಅಳುತ್ತಿತ್ತು. ಅಷ್ಟರಲ್ಲಿ ನಾನು ಇಸ್ತ್ರಿ ಹಾಕುತ್ತ ಗುನುಗಿದ್ದು ನಿರ್ದೇಶಕ ಕಾವೆಯ ಕಿವಿಗೆ ಬಿತ್ತು. ತೆರೆಯ ಮೇಲೆ ಮಹ್ನೂಶ್ ಇರಲಿ, ದನಿ ನಿಮ್ಮದಿರಲಿ ಎಂದ.

ನನ್ನ ಹೆಸರು ಎಲ್ಲೂ ಹಾಕಕೂಡದೆಂದು ಮಾತು ತೆಗೆದುಕೊಂಡು ಒಪ್ಪಿದೆ. ಹೆದರಿಕೆ ಇತ್ತು, ಆಸೆ ಅದಕ್ಕಿಂತ ದೊಡ್ಡದಿತ್ತು. ಮಗಳಿಗೆ ಹಾಡುತ್ತಿದ್ದ ಲಾಲಿಯನ್ನೇ ಹಾಡಿ ಮುಗಿಸಿ, ಎರಡನೆಯವಳು ಯಾರು ಎಂದು ಕೇಳಿದೆ.

"ಅದೂ ನೀವೇ, ಗೌಹರ್ ಖಾನುಮ್," ಎಂದ ಕಾವೆ. "ಇನ್ನೊಂದ್ಸಲ ಸ್ವಲ್ಪ ತಗ್ಗಿಸಿ ಹಾಡಿ. ಒಂದರ ಮೇಲೊಂದು ಕೂರಿಸ್ತೀನಿ. ಕೇಳಿದೋರು ಇಬ್ರು ಅಂದ್ಕೋತಾರೆ."

ಹಾಗೆಯೇ ಆಯಿತು. ಪರಿಶೀಲನೆಯವರು ಕೇಳಿ, ಇಬ್ಬರೆಂದು ನಂಬಿ, ಬಿಟ್ಟರು.

ಚಿತ್ರ ಬಂದಾಗ ಇರಜ್ ತಾನಾಗಿ ಟಿಕೆಟ್ ತಂದ, ನಾನು ಹೊಲಿದ ಬಟ್ಟೆ ನೋಡೋಣವೆಂದು. ತಲೆನೋವೆಂದೆ, ಅವನು ಕೇಳಲಿಲ್ಲ. ಲಾಲಿ ಶುರುವಾಯಿತು. ಎಷ್ಟೋ ರಾತ್ರಿ ಇರಜ್ ನನ್ನ ಪಕ್ಕದಲ್ಲೇ ಮಲಗಿ ಕೇಳಿದ ಲಾಲಿ ಅದು. ಹಾಡು ಮುಗಿಯುವ ತನಕ ಅವನು ತೆರೆಯಿಂದ ಕಣ್ಣು ಕೀಳಲಿಲ್ಲ. ಗುರುತು ಹಿಡಿದೇಬಿಟ್ಟ, ಇನ್ನು ನನ್ನ ಹೊಲಿಗೆಯಂತ್ರ ಮಾರುವುದೊಂದೇ ಬಾಕಿ ಎಂದುಕೊಂಡು ಚಿತ್ರ ಮುಗಿಯುವ ತನಕ ಕೂತಿದ್ದೆ.

ಬಸ್ ನಿಲ್ದಾಣದಲ್ಲಿ ಅವನು ಸೂರ್ಯಕಾಂತಿ ಬೀಜ ಕೊಂಡು ನನ್ನ ಅಂಗೈಗೂ ಸುರಿದ.

"ಆ ಲಾಲಿ ಹಾಡಿದ್ರಲ್ಲ ಇಬ್ರು, ತಗ್ಗಿಸಿ ಹಾಡ್ತಿದ್ದೋಳು ಚೆನ್ನಾಗಿ ಹಾಡಿದ್ಲು ಕಣೇ. ನೀನೂ ಅದನ್ನೇ ಹಾಡ್ತಿದ್ದೆ, ಆದ್ರೆ ನಿಂಗೆ ಆ ದನಿ ಎಲ್ಲಿಂದ ಬರ್ಬೇಕು."

ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ಮೈಯೆಲ್ಲ ಉರಿಯಿತು. ಗುರುತು ಹಿಡಿದು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಅವನು ಸಿಪ್ಪೆ ಉಗುಳಿ ಮತ್ತೆ ಕೇಳಿದ. "ಅಲ್ಲ, ಅವಳ ಗಂಡ ಏನೂ ಅನ್ನಲ್ವಾ?"

"ಅವನಿಗೆ ಕಿವಿ ಕೇಳ್ಸಲ್ವಂತೆ," ಎಂದೆ.

"ಅಯ್ಯೋ ಪಾಪ," ಎಂದ ಇರಜ್.