ಮಲಗುವ ಮುಂಚಿನ ಕಷಾಯ

ಐವತ್ತೊಂದನೇ ವಯಸ್ಸಿಗೆ ಪುಟ್ಟಲಕ್ಷ್ಮಿಗೆ ಮೈಕ್ ಸಿಕ್ಕಿತ್ತು. ಬಸವೇಶ್ವರನಗರದ ಹೈಸ್ಕೂಲಿನ ಪಿಟಿ ಟೀಚರು; ಮಾರೇನಹಳ್ಳಿ ಮೈದಾನದ ಹುಡುಗಿಯರ ಕಬಡ್ಡಿ ಫೈನಲ್ಲಿಗೆ ಈ ಸಲ ಕಾಮೆಂಟರಿ ಅವಳದೇ. ಸ್ವಂತ ಶಾಲೆಯ ತಂಡವೇ ಫೈನಲ್ ತಲುಪಿತ್ತು. ಆದರೆ ಒಂದೂವರೆ ತಿಂಗಳಿಂದ ಹಾಳು ಗಂಟಲು ನೋವು, ಒಡೆದ ದನಿ. ಮೂರು ವಾರವಷ್ಟೇ ಉಳಿದಿತ್ತು.

"ವಾಯ್ಸ್ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ತೀವಿ ಮೇಡಂ," ಎಂದಿದ್ದರು ಆಯೋಜಕ ಹನುಮಯ್ಯ.

ಮನೆಯಲ್ಲಿ ಗಂಡ ವೆಂಕಟಗಿರಿಯೇ ವೈದ್ಯ. ಹತ್ತು ಕಾಳುಮೆಣಸು, ಶುಂಠಿ, ಅರ್ಧ ನಿಂಬೆಹಣ್ಣು. ಒಂಬತ್ತೂವರೆಯ ಊಟ ಮುಗಿಸಿ ಹಾಸಿಗೆಗೆ ಹೋಗುವ ಮುಂಚೆ ದೊಡ್ಡ ಲೋಟದ ತುಂಬ ಕಷಾಯ. ಕಣ್ಣಲ್ಲಿ ನೀರು ಸುರಿಸಿಕೊಂಡು ಕುಡಿಯುತ್ತಿದ್ದಳು, ಪಾಪ. ಬೆಳಗ್ಗೆ ನೋವು ಇನ್ನೂ ಜಾಸ್ತಿ. ನೋವು ಹೆಚ್ಚಿದಷ್ಟೂ ಮಹಾಶಯರು ಮೆಣಸು ಹೆಚ್ಚಿಸಿದರು!

ಕೊನೆಗೆ ವಿಜಯನಗರದ ಡಾಕ್ಟರು ಇಂಚರಾ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು.

"ಜ್ವರ ಇಲ್ಲ, ಕೆಮ್ಮಿಲ್ಲ, ಬೆಳಗ್ಗೆ ಎದ್ದಾಗ ಜಾಸ್ತಿ ಅಲ್ವಾ ಆಂಟಿ? ಗಂಟ್ಲಲ್ಲಿ ಗಡ್ಡೆ ಗಿಡ್ಡೆ ಏನಿಲ್ಲ, ಹೆದರ್ಬೇಡಿ. ಹೊಟ್ಟೆ ಆಸಿಡ್ ಮೇಲಕ್ಕೆ ಬಂದು ಸುಡ್ತಿದೆ. ಮಲಗೋ ಮುಂಚೆ ಏನಾದ್ರೂ ತಗೋತೀರಾ?"

ಪುಟ್ಟಲಕ್ಷ್ಮಿ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

"ಕೊಂದೇ ಹಾಕ್ತಿದ್ರಲ್ರೀ!" ಎಂದಳು. ಸಿಟ್ಟಲ್ಲ, ಖುಷಿ. ರೋಗದ ಬೇರು ಸಿಕ್ಕಿತಲ್ಲ!

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ಮನೆಯಲ್ಲಿ ಊಟದ ಪಥ್ಯ, ಮಾತಿನ ಪಥ್ಯ ಎರಡೂ ಒಟ್ಟಿಗೆ ಶುರುವಾದವು. ಕಷಾಯ ಬಂದ್. ಏಳು ಗಂಟೆಗೆ ಊಟ, ಮಾತ್ರೆ, ಮಂಚದ ತಲೆಕಡೆ ಎರಡು ಇಟ್ಟಿಗೆ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಹಾಗಿಲ್ಲ, ಪಿಸುಗುಡುವ ಹಾಗೂ ಇಲ್ಲ. ಶಾಲೆಯಲ್ಲಿ ಕಿರುಚುವ ಬದಲು ವಿಷಲ್. ಹತ್ತನೇ ದಿನ ನೋವಿಲ್ಲದೆ ಎದ್ದವಳು ಗಂಡನನ್ನು ತಟ್ಟಿ ಎಬ್ಬಿಸಿ ಕುಣಿದಳು.

ಫೈನಲ್ಲಿನ ಭಾನುವಾರ ಮೈಕ್ ಹಿಡಿದಳು. ಕೂಗಬೇಡಿ ಎಂದಿದ್ದರು ಡಾಕ್ಟರು. ಮೆತ್ತಗೇ ಶುರುಮಾಡಿದಳು. ಕೊನೆಗೆ ಅಂಕ ಇಪ್ಪತ್ತೇಳು-ಇಪ್ಪತ್ತೇಳು. ಕೊನೆಯ ರೈಡ್ ಎದುರು ತಂಡದ್ದು. ಆ ಹುಡುಗಿ ಒಬ್ಬಳನ್ನು ಮುಟ್ಟಿ, ಹಿಡಿತ ಬಿಡಿಸಿಕೊಂಡು ಗೆರೆಯತ್ತ ಹಾರಿದಳು. ಪುಟ್ಟಲಕ್ಷ್ಮಿಗೆ ಡಾಕ್ಟರೂ ಮರೆತುಹೋದರು, ತನ್ನ ಶಾಲೆಯೂ ಮರೆತುಹೋಯಿತು.

"ಮುಟ್ಟಿದ್ಲು! ಗೆರೆ ಮುಟ್ಟೇಬಿಟ್ಲು! ಅಬ್ಬಬ್ಬಾ, ಎಂಥಾ ರೈಡ್ ಕಣ್ರಪ್ಪಾ!"

ದನಿ ಎಲ್ಲೂ ಒಡೆಯಲಿಲ್ಲ. ಸೋತ ತಂಡದ ನಾಯಕಿ ಸಿಂಚನಾ, ಪುಟ್ಟಲಕ್ಷ್ಮಿಯ ಶಿಷ್ಯೆಯೇ, ಮಣ್ಣು ಮೆತ್ತಿದ ಕೆನ್ನೆಯಲ್ಲಿ ಅಳುತ್ತ ಓಡಿಬಂದು ತಬ್ಬಿಕೊಂಡಳು.

"ಸೋತ್ವಿ ಮಿಸ್... ಆದ್ರೆ ನಿಮ್ ವಾಯ್ಸು! ವಾಪಸ್ ಬಂತು ಮಿಸ್!"