ಎಡದಿಂದ ಬಲಕ್ಕೆ ಹದಿನಾಲ್ಕು

ಪತ್ರಿಕೆಯ ವಾರದ ಪುರವಣಿಗೆ ಕರಡು ತಿದ್ದುವ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಕರಡಕ್ಕ ಎಂದೇ ಕರೆಯುತ್ತಿದ್ದರು. ಈ ಕರಡಕ್ಕ ಒಂಬತ್ತು ವರ್ಷಗಳಿಂದ ಒಂದು ಕಳ್ಳತನವನ್ನು ಬಲು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿದ್ದಳು. ಕಳ್ಳತನ ಎಂದರೆ ಯಾರ ಮನೆಗೂ ಕನ್ನ ಹಾಕಿದ್ದಲ್ಲ. ಒಂದು ಲಕೋಟೆಯನ್ನು ಒಡೆಯಬಾರದ ಹೊತ್ತಿನಲ್ಲಿ ಒಡೆಯುತ್ತಿದ್ದಳು, ಅಷ್ಟೇ.

ಸಂಗತಿ ಹೀಗೆ. ಪುರವಣಿಯ ಗೂಢ ಪದಬಂಧ ಕಟ್ಟುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ವಾರಕ್ಕೆ ಎರಡು ಲಕೋಟೆ ಕಳಿಸುವರು. ಬಿಳಿಯದರಲ್ಲಿ ಖಾಲಿ ಚೌಕಗಳು ಮತ್ತು ಸುಳಿವುಗಳು, ಕಂದು ಬಣ್ಣದ್ದರಲ್ಲಿ ಉತ್ತರ. ಕರಡಕ್ಕ ಮೊದಲು ಬಂಧವನ್ನು ತಾನೇ ಬಿಡಿಸಬೇಕು. ಎಷ್ಟು ನಿಮಿಷ ಹಿಡಿಯಿತು, ಯಾವ ಸುಳಿವು ಓದುಗರಿಗೆ ಅನ್ಯಾಯ ಮಾಡುತ್ತದೆ ಎಂದು ಚೀಟಿ ಬರೆದು ಸಹಿ ಹಾಕಬೇಕು. ಆಮೇಲಷ್ಟೇ ಕಂದು ಲಕೋಟೆ ಒಡೆದು ತಾಳೆ ನೋಡಬೇಕು. ಮೇಷ್ಟ್ರ ನಿಯಮ ಇದೊಂದೇ. ಮೊದಲ ವಾರ ಅವಳು ಸಂಜೆಯ ತನಕ ತಲೆ ಕೆರೆದುಕೊಂಡರೂ ನಾಲ್ಕು ಪದ ತುಂಬಲಿಲ್ಲ. ನಾಚಿಕೆ ತಡೆಯಲಾರದೆ ಲಕೋಟೆ ಒಡೆದಳು, ಉತ್ತರ ನಕಲು ಮಾಡಿದಳು, 'ನಲವತ್ತು ನಿಮಿಷ' ಎಂದು ಬರೆದಳು. ಮರುದಿನ ಮೇಷ್ಟ್ರು ಫೋನ್ ಮಾಡಿ, "ಇಷ್ಟು ವರ್ಷಕ್ಕೆ ನನಗೊಬ್ಬ ಸರಿಜೋಡಿ ಸಿಕ್ಕಳಲ್ಲಮ್ಮ" ಎಂದು ಹಿಗ್ಗಿಹೋದರು. ಅಲ್ಲಿಗೆ ಅವಳ ಬಾಯಿ ಕಟ್ಟಿತು. ಅಂಥ ಮಾತು ಕೇಳಿದ ಮೇಲೆ ನಿಜ ಹೇಳುವ ಎದೆಗಾರಿಕೆ ಯಾರಿಗಿರುತ್ತದೆ, ನೀವೇ ಹೇಳಿ.

ಈ ವಾರದ ಬಂಧದ ವಿಷಯ ಕುಣಿತ. ಲಕೋಟೆಗಳೆರಡೂ ಬೆಳಿಗ್ಗೆ ಹನ್ನೊಂದಕ್ಕೆ ಮೇಜಿಗೆ ಬಂದವು. ಕರಡಕ್ಕ ರೂಢಿಯಂತೆ ಅತ್ತಿತ್ತ ನೋಡಿ ಕಂದು ಲಕೋಟೆಯ ಅಂಚು ಹರಿದಳು. ಒಳಗೆ ಉತ್ತರ ಇರಲಿಲ್ಲ. ರಕ್ತಪರೀಕ್ಷೆಯ ವರದಿ ಇತ್ತು, ಮೂರು ಹಾಳೆ. ಮೇಲ್ಗಡೆ ಮೇಷ್ಟ್ರ ಹೆಸರು, ವಯಸ್ಸು ಎಪ್ಪತ್ತೆರಡು. ಮೂಲೆಯಲ್ಲಿ ಕೆಂಪು ಮೊಹರು: 'ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಲುಪತಕ್ಕದ್ದು.'

ಬಿಳಿ ಲಕೋಟೆಯನ್ನೂ ಒಡೆದಳು. ಬಂಧದ ಜೊತೆಗೆ ಮೇಷ್ಟ್ರ ಗುಂಡು ಅಕ್ಷರದ ಚೀಟಿಯಿತ್ತು. 'ಅಮ್ಮ, ಇವತ್ತು ಎರಡು ಗಂಟೆಗೆ ನನ್ನ ಎದೆ ಕೊಯ್ಯುತ್ತಾರೆ. ತಿಂಗಳಿಗೊಮ್ಮೆ ಬರುವ ದೊಡ್ಡ ಡಾಕ್ಟರು, ಕಾದೂ ಕಾದೂ ಸಿಕ್ಕ ಸರದಿ. ಗಡಿಬಿಡಿಯಲ್ಲಿ ಬಂಧ ಕಟ್ಟಿದ್ದೇನೆ. ಎಡದಿಂದ ಬಲಕ್ಕೆ ಹದಿನಾಲ್ಕರಲ್ಲಿ ಏನೋ ಎಡವಟ್ಟಾಗಿದೆ ಅನಿಸುತ್ತಿದೆ, ಏನೆಂದು ತಿಳಿಯುತ್ತಿಲ್ಲ. ನೀನು ಬಿಡಿಸಿದ ಮೇಲೆ ಮಗಳ ಫೋನಿಗೆ ಮಾಡಿ ನನಗೆ ಹೇಳು. ಕೇಳಿಕೊಂಡು ಮಲಗುತ್ತೇನೆ.'

ಪಾಪ, ಗಡಿಬಿಡಿಯಲ್ಲಿ ಉತ್ತರದ ಹಾಳೆಯ ಬದಲು ಆಸ್ಪತ್ರೆಗೆ ಒಯ್ಯಬೇಕಾದ ವರದಿ ಕಂದು ಲಕೋಟೆಗೆ ಹೋಗಿತ್ತು. ಕರಡಕ್ಕ ಫೋನ್ ಎತ್ತಿಕೊಂಡಳು. ಅರ್ಧ ನಂಬರು ಒತ್ತಿ ಇಟ್ಟುಬಿಟ್ಟಳು.

ಈಗ ಮಾಡಿದರೆ ಮೇಷ್ಟ್ರು ಏನೆಂದುಕೊಂಡಾರು? ಕಂದು ಲಕೋಟೆ ಒಡೆದಿದ್ದಾಳೆಂದರೆ ಬಂಧ ಬಿಡಿಸಿದ್ದಾಳೆ ಎಂದು ತಾನೇ? ಹದಿನಾಲ್ಕಕ್ಕೆ ಏನು ಬಂತು ಎಂದು ಕೇಳಿಯೇ ಕೇಳುತ್ತಾರೆ. ಆಗ ಏನು ಹೇಳುವುದು? ಎದೆ ಕೊಯ್ಯಿಸಿಕೊಳ್ಳಲು ಹೊರಟ ಮುದುಕರಿಗೆ, ನಿಮ್ಮ ಸರಿಜೋಡಿ ಒಂಬತ್ತು ವರ್ಷದಿಂದ ನಿಮಗೆ ಟೋಪಿ ಹಾಕಿದ್ದಾಳೆ ಎನ್ನುವುದೇ? ಎರಡು ಗಂಟೆಗೆ ಇನ್ನೂ ಮೂರು ಗಂಟೆ ಇದೆ. ಹದಿನಾಲ್ಕೊಂದನ್ನಾದರೂ ಬಿಡಿಸಿ, ಏನೂ ಅರಿಯದವಳ ಹಾಗೆ ಫೋನ್ ಮಾಡಿ, ವರದಿ ಹಿಡಿದು ಓಡಿದರಾಯಿತು. ಆಸ್ಪತ್ರೆಗೆ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. ಹೀಗೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾನ ಉಳಿಸಿಕೊಳ್ಳಲು ಹೊರಟ ಬುದ್ಧಿಗೆ ಗಡಿಯಾರ ಯಾವಾಗಲೂ ನಿಧಾನವಾಗಿಯೇ ಕಾಣಿಸುತ್ತದೆ.

ಹದಿನಾಲ್ಕರ ಸುಳಿವು ಇಷ್ಟೇ: 'ಹಿಂದಿನಿಂದ ಬಂದರೂ ಮುಂದಿನಿಂದ ಬಂದರೂ ಅದೇ ಕುಣಿತ (೩).' ಮೂರು ಅಕ್ಷರ. ಅವಳು ಬ್ಯಾಲೆ ಎಂದಳು, ಟ್ಯಾಂಗೊ ಎಂದಳು, ಎರಡೇ ಅಕ್ಷರವಾಯಿತು. ಜೋಡಿಯಾಗಿ ಕುಣಿಯುವವರನ್ನು ನೆನೆದಳು, ಸಾಲಾಗಿ ಕುಣಿಯುವವರನ್ನು ನೆನೆದಳು. ಹಿಂದೆ ಮುಂದೆ ಹೆಜ್ಜೆ ಹಾಕುವ ಯಾವ ಕುಣಿತವೂ ಚೌಕದೊಳಗೆ ಕಾಲಿಡಲಿಲ್ಲ. ಸರಿ, ಸುತ್ತಲಿನ ಪದಗಳಿಂದ ಒಂದಕ್ಷರವಾದರೂ ಸಿಕ್ಕೀತೆಂದು ಬೇರೆ ಸುಳಿವುಗಳಿಗೆ ಹೋದಳು. ಅವೂ ಬಾಯಿ ಬಿಡಲಿಲ್ಲ.

ಪುಟ ಕಟ್ಟುವವನು ತನ್ನ ಕಂಪ್ಯೂಟರಿನ ಹಿಂದಿನಿಂದ ಕತ್ತು ಚಾಚಿದ. "ಅಕ್ಕ, ಉತ್ತರ ಕೊಡಿ. ತಲೆಕೆಳಗು ಮಾಡಿ ಪುಟದ ಬುಡಕ್ಕೆ ಹಾಕ್ಬಿಡ್ತೀನಿ."

"ಬಿಡಿಸ್ತಾ ಇದೀನಿ."

"ಇನ್ನೂವಾ? ನಿಮಗೆ ನಲವತ್ತು ನಿಮಿಷ ಅಲ್ವಾ ಲೆಕ್ಕ? ಇವತ್ತೇನು, ಮೇಷ್ಟ್ರು ನಿಮ್ಮನ್ನೇ ಕುಣಿಸ್ತಿದಾರಾ?"

"ನಿನ್ನ ಕೆಲಸ ನೋಡ್ಕೋ ಹೋಗಪ್ಪ," ಎಂದಳು. ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು.

ಮತ್ತೆ ಫೋನಿನ ಮೇಲೆ ಕೈಯಿಟ್ಟಳು. ಇನ್ನು ಹತ್ತೇ ನಿಮಿಷ ಎಂದು ಕೈ ತೆಗೆದಳು. ಹತ್ತು ನಿಮಿಷದ ಮೇಲೆ ಇನ್ನೂ ಹತ್ತು. ವರದಿಯನ್ನು ಕೈಚೀಲದಲ್ಲಿಟ್ಟರೂ ಅದು ಅಲ್ಲಿಂದಲೇ ಅವಳನ್ನು ದಿಟ್ಟಿಸುತ್ತಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದಳು, ಕನ್ನಡಿಯಲ್ಲಿ ತನ್ನ ಮುಖ ನೋಡಲಾಗದೆ ವಾಪಸು ಬಂದಳು. ತನ್ನ ಮೇಲೆ ಅವಳಿಗೆ ಅಂಥ ಅಸಹ್ಯ ಎಂದೂ ಹುಟ್ಟಿರಲಿಲ್ಲ, ಆದರೂ ಫೋನ್ ಮಾಡಲಿಲ್ಲ. ಒಂಬತ್ತು ವರ್ಷ ನಡೆದುಬಂದ ದಾರಿಯಲ್ಲಿ ಒಮ್ಮೆಲೇ ಹಿಂತಿರುಗುವುದು ಅಷ್ಟು ಸುಲಭವಲ್ಲ, ಮಹರಾಯರೇ.

ಹನ್ನೆರಡೂವರೆಗೆ ಅವಳ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಬೇರೊಂದು ಕರಡು ಪುಟದ ಮೇಲೆ ಹೋಯಿತು. 'ಹಾಸ್ಯ' ಎಂಬ ಅಂಕಣದ ತಲೆಬರಹ. ಬಂಧದಲ್ಲೊಂದು ಸುಳಿವಿತ್ತು: 'ಹಾಸ್ಯ ಮುಖ ಬದಲಿಸಿ ಕುಣಿಯಿತು (೨).' ಬೆಳಿಗ್ಗೆಯಿಂದ ಅವಳು ನಗುವ ಮುಖ, ಅಳುವ ಮುಖ, ಬಣ್ಣ ಬಳಿದ ಮುಖ ಎಂದೆಲ್ಲ ತಡಕಾಡಿದ್ದಳು. ಮುಖ ಎಂದರೆ ಮೊದಲಕ್ಷರ. ಜೀವಮಾನವಿಡೀ ಮಾಡಿದ್ದು ಅದೇ ಕೆಲಸ, ತಪ್ಪಕ್ಷರ ತೆಗೆದು ಸರಿಯಕ್ಷರ ಕೂರಿಸುವುದು. ಹಾ ತೆಗೆದಳು, ಲಾ ಇಟ್ಟಳು. ಲಾಸ್ಯ.

ಆಮೇಲೆ ಕಣ್ಣಿನ ಪೊರೆ ಕಳಚಿದಂತಾಯಿತು. 'ತಲೆ ಬದಲಿಸಿದ ಪಾಂಡವ ರೌದ್ರನಾಗಿ ಕುಣಿದ (೩).' ತಾಂಡವ. 'ಕತ್ತರಿಸುವ ಕೆಲಸ ತಿರುವಿ ಹಾಕಿದರೆ ಕುಣಿಯುವವನು (೩).' ಇದಕ್ಕೆ ಕಾಲು ಗಂಟೆ ಹಿಡಿಯಿತು. ಕರ್ತನ ಎಂದರೆ ಕತ್ತರಿಸುವುದು, ಕೊನೆಯಿಂದ ಓದಿದರೆ ನರ್ತಕ. ಆ ನರ್ತಕ ಮೇಲಿನಿಂದ ಕೆಳಕ್ಕೆ ಇಳಿಯತೊಡಗುವ ಚೌಕವೇ ಹದಿನಾಲ್ಕರ ಮೊದಲ ಮನೆ. ಅಲ್ಲಿಗೆ ನ ಬಂತು. ಹಿಂದೆ ಮುಂದೆ ಒಂದೇ ಆಗಬೇಕಾದರೆ ಕೊನೆಯ ಮನೆಯಲ್ಲೂ ನ. ನರ್ತನ.

ಕರಡಕ್ಕನ ಕಣ್ಣಲ್ಲಿ ನೀರು ಬಂತು. ಬರೆಯಲು ಹೋದವಳು ತಡೆದಳು. ನಟನ ಎಂದರೂ ಕುಣಿತವೇ, ಅದೂ ಹಿಂದೆ ಮುಂದೆ ಒಂದೇ. ನಡುವಿನ ಚೌಕವನ್ನು ಬೇರೆ ಯಾವ ಪದವೂ ಹಾಯುವುದಿಲ್ಲ. ಎರಡೂ ಉತ್ತರ ಸರಿ, ಯಾವುದೆಂದು ಆರಿಸಲು ಓದುಗರಿಗೆ ದಾರಿಯಿಲ್ಲ. ಮೇಷ್ಟ್ರನ್ನು ಕಾಡುತ್ತಿದ್ದ ಎಡವಟ್ಟು ಇದೇ. ಇಂಥದನ್ನು ಹಿಡಿಯಲೆಂದೇ ಅವರು ವಾರವಾರ ಲಕೋಟೆ ಕಳಿಸುತ್ತಿದ್ದದ್ದು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಕೆಲಸ ಮಾಡಿದ್ದಳು, ಮಾಡಬಲ್ಲೆ ಎಂದೂ ಗೊತ್ತಾಗಿತ್ತು. ಗಂಟೆ ಒಂದೂ ಐದು. ಫೋನ್ ಮಾಡಿದಳು.

ಮೇಷ್ಟ್ರ ಮಗಳು ಎತ್ತಿದಳು.

"ನಾನು ಕಣಮ್ಮ, ಪುರವಣಿಯಿಂದ. ಬಂಧ ಬಿಡಿಸಿದೆ. ಅಪ್ಪನಿಗೆ ಹೇಳು, ಹದಿನಾಲ್ಕಕ್ಕೆ ಎರಡು ಉತ್ತರ ಬರುತ್ತೆ. ಆಮೇಲೆ ಕೇಳಿಲ್ಲಿ, ಈಗ ತಾನೇ ಕಂದು ಲಕೋಟೆ ಒಡೆದೆ, ನೋಡಿದ್ರೆ ಅಪ್ಪನ ರಕ್ತದ ರಿಪೋರ್ಟ್ ಇದೆ. ಇಪ್ಪತ್ತು ನಿಮಿಷದಲ್ಲಿ ತಂದುಬಿಡ್ತೀನಿ."

ಮಗಳು ಮೆಲ್ಲಗೆ ಕೇಳಿದಳು. "ನಿಮ್ಮ ಹತ್ರಾನೇ ಇತ್ತಾ?"

"ಹೂಂ."

"ಬೆಳಿಗ್ಗೆಯಿಂದ ಹುಡುಕ್ತಿದ್ವಿ ಅಕ್ಕ. ಮನೆ, ಟ್ಯಾಕ್ಸಿ, ಲ್ಯಾಬು, ಎಲ್ಲಾ ಕಡೆ. ಲ್ಯಾಬಲ್ಲಿ ನಕಲಿಲ್ಲ, ಹೊಸದಾಗಿ ರಕ್ತ ತೆಗೆದ್ರೆ ಸಂಜೆ ಆಗುತ್ತೆ ಅಂದ್ರು. ಎರಡು ಗಂಟೆಗೆ ಮುಂಚೆ ತಯಾರಿ ಆಗ್ಬೇಕು ಅಂತ ಡಾಕ್ಟರು ಹನ್ನೆರಡೂವರೆ ತನಕ ಕಾದ್ರು. ಆಮೇಲೆ ಅಪ್ಪನ ಸರದಿಗೆ ಪಕ್ಕದ ಹಾಸಿಗೆಯವರನ್ನ ಒಳಗೆ ಕರ್ಕೊಂಡ್ರು. ಸಂಜೆ ಊರಿಗೆ ಹೊರಟುಬಿಡ್ತಾರೆ. ಇನ್ನು ಬರೋದು ಮುಂದಿನ ತಿಂಗಳು."

"ತಿಂಗಳು ಕಾಯಬಹುದಾ?"

"ಕಾಯೋ ಹಾಗಿಲ್ಲ ಅಂತಾನೇ ಇವತ್ತು ಬರೋಕೆ ಹೇಳಿದ್ದು."

ಕರಡಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ನನಗೊಂದು ಫೋನ್ ಮಾಡಬಾರದಿತ್ತಾ?"

"ಮಾಡ್ತೀನಿ ಅಂದೆ. ಅಪ್ಪನೇ ಬೇಡ ಅಂದ್ರು." ಮಗಳು ಮೂಗು ಒರೆಸಿಕೊಂಡ ಸದ್ದು ಕೇಳಿತು. "ಬೇಜಾರು ಮಾಡ್ಕೋಬೇಡಿ ಅಕ್ಕ. ನೀವು ಕಂದು ಲಕೋಟೆ ಮೊದಲೇ ಒಡೀತೀರಿ ಅಂತ ಅವರಿಗೆ ಗೊತ್ತು. ಮೊದಲನೇ ವರ್ಷವೇ ಉತ್ತರದ ಹಾಳೇಲಿ ಒಂದು ಪದ ತಪ್ಪು ಬರೆದಿದ್ರಂತೆ. ನೀವು ಬಿಡಿಸಿದ್ರಲ್ಲೂ ಅದೇ ತಪ್ಪಿತ್ತಂತೆ. ಎಷ್ಟು ನಕ್ಕಿದ್ರು ಗೊತ್ತಾ. ಇವತ್ತೂ ಅದನ್ನೇ ಹೇಳಿದ್ರು. ಅವಳು ಹನ್ನೊಂದಕ್ಕೇ ಒಡೆದು ನೋಡಿರ್ತಾಳೆ, ರಿಪೋರ್ಟ್ ಅಲ್ಲಿದ್ದಿದ್ರೆ ಆಗಲೇ ಓಡಿ ಬರ್ತಿದ್ಲು, ಬಂದಿಲ್ಲ ಅಂದ್ರೆ ಅಲ್ಲಿಲ್ಲ, ಬೇರೆ ಕಡೆ ಹುಡುಕಿ ಅಂತ."

ಕರಡಕ್ಕ ಅಂಚು ಹರಿದ ಕಂದು ಲಕೋಟೆಯನ್ನು ನೋಡಿದಳು.

"ನೀವು ಇವತ್ತು ನಿಯಮದ ಪ್ರಕಾರ ಬಿಡಿಸೋಕೆ ಕೂರ್ತೀರಿ ಅಂತ ಯಾರಿಗೆ ಗೊತ್ತಿತ್ತು," ಎಂದಳು ಮಗಳು. "ನಿಮ್ಮ ತಪ್ಪಲ್ಲ ಬಿಡಿ."

ಬಿಡಬಹುದಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಲಕೋಟೆ ಯಾವಾಗ ಒಡೆದಳೆಂದು ಭೂಮಿಯ ಮೇಲೆ ಯಾರೂ ಕೇಳುತ್ತಿರಲಿಲ್ಲ. ಪುಟ ಕಟ್ಟುವವನು ಅತ್ತ ಕುರ್ಚಿಯಲ್ಲಿ ತಿರುಗಿ, ಉತ್ತರಕ್ಕಾಗಿ ಕೈ ಚಾಚಿಕೊಂಡು ಕುಳಿತಿದ್ದ.

"ಹನ್ನೊಂದಕ್ಕೇ ಒಡೆದಿದ್ದೆ," ಎಂದಳು ಕರಡಕ್ಕ.

"ಏನು?"

"ಅಪ್ಪ ಹೇಳಿದ್ದು ಸರಿ. ಹನ್ನೊಂದಕ್ಕೇ ಒಡೆದೆ. ರಿಪೋರ್ಟ್ ನೋಡಿದೆ. ನೋಡಿಯೂ ಇಟ್ಕೊಂಡು ಕೂತಿದ್ದೆ."

ಫೋನಿನಲ್ಲಿ ಆಸ್ಪತ್ರೆಯ ಓಣಿಯ ಸದ್ದು ಕೇಳುತ್ತಿತ್ತು. ಯಾವುದೋ ಗಾಲಿ ಕಿರುಗುಟ್ಟುತ್ತ ಹೋಯಿತು, ಯಾರೋ ಯಾರನ್ನೋ ಕೂಗಿದರು. ಮಗಳು ಮಾತಾಡಿದಾಗ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಪ್ಪನ ಮುಂದೆ ಇದನ್ನ ಹೇಳ್ಬೇಡಿ. ಈಗ ಒಡೆದೆ ಅಂತಲೇ ಹೇಳಿ."